ಆ ಸ್ಟಿಕ್ಕರ್‌ನಲ್ಲಿರೋದು ಯಾರು?

ಬೆಳಿಗ್ಗೆ ಫ್ಯಾಮಿಲಿ ಗ್ರೂಪಲ್ಲಿ ಅಕ್ಕನ ಮಗ ಒಂದು ಸ್ಟಿಕ್ಕರ್ ಹಾಕಿದ್ದ. ಕೆದರಿದ ಕೂದಲು, ಹರಿದ ಅಂಗಿ, ಮುಂದೆ ಚಾಚಿದ ಕೈ. ಕೆಳಗೆ ‘ತಿಂಗಳ ಕೊನೆ’ ಅಂತ ಬರೆದಿತ್ತು. ನಕ್ಕೆ. ಆಮೇಲೆ ಕೇಳಿದೆ, “ಇವರು ಯಾರು ಗೊತ್ತೇನೋ?”

“ಹೆಸರು ಗೊತ್ತಿಲ್ಲ ಮಾಮ. ಕಾಮಿಡಿ ಭಿಕ್ಷುಕ.”

ವೈಜನಾಥ ಬಿರಾದಾರ ಕಣೋ. ಬೀದರ್ ಕಡೆಯವರು. ನೂರಾರು ಸಿನಿಮಾ ಮಾಡಿದ್ದಾರೆ, ಜಾಸ್ತಿ ಭಿಕ್ಷುಕ, ಕುಡುಕನ ಪಾತ್ರಗಳೇ. ಎರಡು ನಿಮಿಷ ಬಂದು, ನಗಿಸಿ, ಬೈಸಿಕೊಂಡು ಹೋಗೋದು. ಟೀವಿಯಲ್ಲಿ ಮಧ್ಯಾಹ್ನದ ಸಿನಿಮಾ ನೋಡುತ್ತಾ ಬೆಳೆದ ನಮಗೂ ಮೊದಲು ಗೊತ್ತಾಗಿದ್ದು ಮುಖ, ಹೆಸರಲ್ಲ.

ಅದೇ ಮುಖವನ್ನ ನಿರ್ದೇಶಕ ಗಿರೀಶ್ ಕಾಸರವಳ್ಳಿ ‘ಕನಸೆಂಬ ಕುದುರೆಯನೇರಿ’ ಸಿನಿಮಾಗೆ ಕರೆದರು. ಅಮರೇಶ ನುಗಡೋಣಿಯವರ ಕಥೆ. ಬಿರಾದಾರರದು ಹೆಣಕ್ಕೆ ಗುಂಡಿ ತೋಡುವ ಇರ್ಯಾ. ಕನಸಲ್ಲಿ ಸಿದ್ಧ ಅನ್ನೋ ಸಾಧು ಬಂದರೆ ಊರಲ್ಲಿ ಸಾವು ಗ್ಯಾರಂಟಿ ಅನ್ನೋದು ಅವನ ನಂಬಿಕೆ. ಒಮ್ಮೆ ಸಿದ್ಧ ಬರುತ್ತಾನೆ, ಆದರೆ ಊರಗೌಡ ಸತ್ತ ಸುದ್ದಿಯನ್ನ ದೊಡ್ಡಮನೆಯವರು ಮುಚ್ಚಿಡುತ್ತಾರೆ. ಕನಸೇ ಸುಳ್ಳಾಯ್ತಾ ಅಂತ ಇರ್ಯಾ ಕಂಗಾಲು. ಹೆಂಡತಿ ರುದ್ರಿಯಾಗಿ ಉಮಾಶ್ರೀ. ಅಂಥಾ ನಟಿ ಎದುರು ನಿಂತೂ ಈ ಮನುಷ್ಯ ಒಂಚೂರು ಮಂಕಾಗಲ್ಲ. 2011ರಲ್ಲಿ ಸ್ಪೇನ್‌ನ ‘ಇಮ್ಯಾಜಿನ್ ಇಂಡಿಯಾ’ ಚಿತ್ರೋತ್ಸವದಲ್ಲಿ ಇದಕ್ಕೇ ಅತ್ಯುತ್ತಮ ನಟ ಪ್ರಶಸ್ತಿ ಬಂತು.

ಸ್ಟಿಕ್ಕರ್ ಮಾಡಿದವನಿಗೆ ಇದೆಲ್ಲ ಗೊತ್ತಿರಬೇಕು ಅಂತೇನಿಲ್ಲ ಬಿಡಿ. ನಾನೂ ಅದನ್ನ ಸೇವ್ ಮಾಡಿಕೊಂಡೆ. ಸುಮ್ನೆ ಹೇಳಬಾರದು, ತಿಂಗಳ ಕೊನೆಗೆ ಅದಕ್ಕಿಂತ ಸರಿಯಾದ ಮುಖ ಇನ್ನೊಂದಿಲ್ಲ.

ಇಷ್ಟನ್ನೂ ಟೈಪ್ ಮಾಡಿ ಹುಡುಗನಿಗೆ ಕಳಿಸಿದೆ. ನೀಲಿ ಟಿಕ್ ಬಂದಿದೆ. ಉತ್ತರ ಇನ್ನೂ ಬಂದಿಲ್ಲ.