ಲುಬ್ಧಕ, ಆರ್ದ್ರಾ ಮತ್ತು ಕಾಂತಿಯ ಲೆಕ್ಕ

ಫೆಬ್ರವರಿ 22, 2025, ಶನಿವಾರ

ಪಡುವಣದಲ್ಲಿ ಶುಕ್ರ, ವೃಷಭದಲ್ಲಿ ಗುರು, ಪುನರ್ವಸುವಿನ ಪಕ್ಕ ಮಂಗಳ. ಚಂದ್ರ ಹುಟ್ಟುವುದು ನಡುರಾತ್ರಿ ಕಳೆದ ಮೇಲೆ. ಇಂಥ ಸಂಜೆ ‘ಎಲ್ಲಕ್ಕಿಂತ ಹೆಚ್ಚು ಹೊಳೆಯುವ ನಕ್ಷತ್ರ ಯಾವುದು’ ಎಂದು ಕೇಳಿದರೆ ಅನೇಕರು ಶುಕ್ರನತ್ತ ಬೆರಳು ಮಾಡುತ್ತಾರೆ. ಗ್ರಹಗಳನ್ನು ಬದಿಗಿಟ್ಟರೆ ಉತ್ತರ ಲುಬ್ಧಕ, ಅಂದರೆ ಸಿರಿಯಸ್. ಮಹಾವ್ಯಾಧನ (ಓರಿಯನ್) ನಡುಪಟ್ಟಿಯ ಮೂರು ನಕ್ಷತ್ರಗಳ ಸಾಲನ್ನು ಒಂದು ಕಡೆಗೆ ಎಳೆದರೆ ರೋಹಿಣಿ, ಇನ್ನೊಂದು ಕಡೆಗೆ ಎಳೆದರೆ ಲುಬ್ಧಕ. ಧ್ರುವ ನಕ್ಷತ್ರವೇ ಮೊದಲನೆಯದು ಎಂಬ ನಂಬಿಕೆ ಇನ್ನೂ ಗಟ್ಟಿಯಾಗಿದೆ. ಅದರ ಕಾಂತಿಮಾನ, ಅಂದರೆ ಹೊಳಪಿನ ಅಂಕ, ಸುಮಾರು 2; ಹೊಳಪಿನ ಪಟ್ಟಿಯಲ್ಲಿ ಸ್ಥಾನ ಐವತ್ತರ ಆಸುಪಾಸು.

ಕಾಂತಿಮಾನದಲ್ಲಿ ಅಂಕ ಕಡಿಮೆಯಾದಷ್ಟೂ ಬೆಳಕು ಹೆಚ್ಚು. ಬರಿಗಣ್ಣಿಗೆ ಕಾಣುವ ನಕ್ಷತ್ರಗಳನ್ನು ಆರು ದರ್ಜೆಗಳಾಗಿ ವಿಂಗಡಿಸಿದ ಪ್ರಾಚೀನ ಗ್ರೀಕರ ಪದ್ಧತಿ ಇದಕ್ಕೆ ಮೂಲ. 1856ರಲ್ಲಿ ನಾರ್ಮನ್ ಪಾಗ್ಸನ್ ಅದಕ್ಕೆ ಗಣಿತದ ಬಿಗಿ ತಂದರು. ಐದು ಅಂಕಗಳ ಅಂತರವೆಂದರೆ ಸರಿಯಾಗಿ 100 ಪಟ್ಟು, ಹಾಗಾಗಿ ಒಂದು ಅಂಕಕ್ಕೆ 2.512 ಪಟ್ಟು. ಮುಂದೆ ಮದರಾಸಿನ ವೀಕ್ಷಣಾಲಯದ ಮುಖ್ಯಸ್ಥರಾಗಿ ಬಂದವರು ಇದೇ ಪಾಗ್ಸನ್. ಲುಬ್ಧಕ −1.46, ಎರಡನೇ ಸ್ಥಾನದ ಅಗಸ್ತ್ಯ (ಕನೋಪಸ್) −0.74: ವ್ಯತ್ಯಾಸ 0.72, ಬೆಳಕಿನಲ್ಲಿ ಹೆಚ್ಚುಕಡಿಮೆ ಎರಡು ಪಟ್ಟು. ರೋಹಿಣಿ 0.87. ಅದಕ್ಕೆ ಹೋಲಿಸಿದರೆ ಲುಬ್ಧಕ ಎಂಟೂವರೆ ಪಟ್ಟು.

ಮೂರನೇ ಸ್ಥಾನಕ್ಕೆ ಬಂದಾಗ ಪಟ್ಟಿಗಳು ಜಗಳವಾಡುತ್ತವೆ. ಆಲ್ಫಾ ಸೆಂಟಾರಿ ಕಣ್ಣಿಗೆ ಒಂದೇ ಚುಕ್ಕೆ, ದೂರದರ್ಶಕದಲ್ಲಿ ಎರಡು: ಒಂದರದು 0.01, ಇನ್ನೊಂದರದು 1.33. ಈ ಅಂಕಗಳನ್ನು ಕೂಡುವ ಹಾಗಿಲ್ಲ. ಮೊದಲು ಎರಡನ್ನೂ ಬೆಳಕಿಗೆ ತಿರುಗಿಸಬೇಕು: ಸೊನ್ನೆ ಕಾಂತಿಮಾನದ ನಕ್ಷತ್ರವನ್ನು 1 ಎಂದಿಟ್ಟುಕೊಂಡರೆ ಇವು 0.991 ಮತ್ತು 0.294. ಮೊತ್ತ 1.285. ಅದನ್ನು ಮತ್ತೆ ಅಂಕಕ್ಕೆ ತಂದರೆ −0.27. ಜೋಡಿಯಾಗಿ ಎಣಿಸಿದರೆ ಮೂರನೆಯದು ಆಲ್ಫಾ ಸೆಂಟಾರಿ, ಬಿಡಿಯಾಗಿ ಎಣಿಸಿದರೆ −0.05ರ ಸ್ವಾತಿ.

ಇಂದಿನ ಕೆಲಸ ಆರ್ದ್ರಾ, ಅಂದರೆ ಬೀಟಲ್‌ಜೂಸ್ ನಕ್ಷತ್ರದ ಕಾಂತಿಮಾನ ಅಳೆಯುವುದು. ಇದರ ಬೆಳಕು ಏರಿಳಿಯುತ್ತಲೇ ಇರುತ್ತದೆ. ಸಾಮಾನ್ಯವಾಗಿ 0.5ರ ಸುತ್ತ ಇರುವುದು 2020ರ ಫೆಬ್ರವರಿಯಲ್ಲಿ 1.6ರವರೆಗೆ ಇಳಿದಿತ್ತು. ಯಾವ ಅಳತೆಯಾದರೂ ಕೊನೆಗೆ ಹೋಲಿಕೆಯೇ. ಹೋಲಿಸುವ ನಕ್ಷತ್ರ ತಪ್ಪಿದರೆ ಉಪಕರಣ ಎಷ್ಟೇ ಒಳ್ಳೆಯದಿದ್ದರೂ ಉತ್ತರ ತಪ್ಪು.

ಬರಿಗಣ್ಣಿನಲ್ಲಾದರೆ ಗುರಿಗಿಂತ ಸ್ವಲ್ಪ ಪ್ರಕಾಶಮಾನವಾದದ್ದು ಒಂದು, ಸ್ವಲ್ಪ ಮಂಕಾದದ್ದು ಒಂದು ಬೇಕು. ಆರ್ದ್ರೆಗೆ 0.34ರ ಪ್ರೋಸಿಯಾನ್ ಮತ್ತು 0.87ರ ರೋಹಿಣಿ ಹೊಂದುತ್ತವೆ. ಇವೆರಡರ ನಡುವಿನ ಅಂತರವನ್ನು ಮನಸ್ಸಿನಲ್ಲೇ ಪಾಲು ಮಾಡಿ ಆರ್ದ್ರಾ ಎಲ್ಲಿ ನಿಲ್ಲುತ್ತದೆಂದು ನಿರ್ಧರಿಸಬೇಕು. ಪ್ರೋಸಿಯಾನ್‌ನಿಂದ ಮೂರನೇ ಒಂದು ಪಾಲು ಕೆಳಗೆ ಅನಿಸಿದರೆ 0.34ಕ್ಕೆ 0.53ರ ಮೂರನೇ ಒಂದು ಭಾಗ ಕೂಡಿಸಿ 0.52, ಪುಸ್ತಕದಲ್ಲಿ ಬರೆಯುವುದು 0.5. ಎರಡನೇ ದಶಮಾಂಶ ಕಣ್ಣಿನ ಅಳತೆಗೆ ಸಲ್ಲದು.

ಕೆಡುವುದು ಮೂರು ಕಡೆ. ಆರ್ದ್ರಾ ಕೆಂಪು, ಪ್ರೋಸಿಯಾನ್ ಬಿಳಿ. ಕೆಂಪು ನಕ್ಷತ್ರವನ್ನು ದಿಟ್ಟಿಸುತ್ತಾ ನಿಂತರೆ ಅದು ಇದ್ದದ್ದಕ್ಕಿಂತ ಹೆಚ್ಚು ಹೊಳೆಯುವಂತೆ ಕಾಣುತ್ತದೆ, ಆದ್ದರಿಂದ ಚುಟುಕಾಗಿ ನೋಡಿ ಕಣ್ಣು ಹೊರಳಿಸುವುದು ಕ್ಷೇಮ. 2025ರ ಆರಂಭದಲ್ಲಿ ಗುರು ರೋಹಿಣಿಗೆ ಹತ್ತಿರವಿದ್ದುದರಿಂದ ಅದರ ಬೆಳಕಿನ ಪಕ್ಕ ರೋಹಿಣಿ ಮಂಕಾಗಿ ತೋರುತ್ತಿತ್ತು. ಅಂಥಾಗ ಚಾಚಿದ ಕೈಯ ಹೆಬ್ಬೆರಳಿನಿಂದ ಗುರುವನ್ನು ಮರೆಮಾಡಿಕೊಂಡೇ ಹೋಲಿಸಬೇಕು. ಎಲ್ಲಕ್ಕಿಂತ ದೊಡ್ಡ ಮೋಸ ವಾತಾವರಣದ್ದು. ನೆತ್ತಿಯ ಮೇಲಿನ ಗಾಳಿಯ ದಪ್ಪವನ್ನು 1 ಎಂದರೆ, 60 ಡಿಗ್ರಿ ಎತ್ತರದಲ್ಲಿ ಅದು 1.15, 30 ಡಿಗ್ರಿಯಲ್ಲಿ 2. ತಿಳಿಯಾದ ಆಕಾಶದಲ್ಲೂ ಪ್ರತಿ ಘಟಕಕ್ಕೆ 0.25 ಅಂಕದಷ್ಟು ಬೆಳಕು ನಷ್ಟವಾಗಬಹುದು. ಒಂದು ನಕ್ಷತ್ರ 60ರಲ್ಲಿ, ಇನ್ನೊಂದು 30ರಲ್ಲಿ ಇದ್ದರೆ 0.21ರ ತಪ್ಪು ತಾನಾಗಿಯೇ ಸೇರಿಕೊಳ್ಳುತ್ತದೆ. ಮೂರೂ ನಕ್ಷತ್ರಗಳು ಹೆಚ್ಚುಕಡಿಮೆ ಒಂದೇ ಎತ್ತರಕ್ಕೆ ಬರುವ ಹೊತ್ತಿಗೆ ಕಾಯುವುದೇ ಲೇಸು. ಕಾಯಲಾಗದಿದ್ದರೆ ಎತ್ತರಗಳನ್ನು ಬರೆದಿಟ್ಟುಕೊಂಡು ಆಮೇಲೆ ತಿದ್ದಬೇಕು.

ಕ್ಯಾಮೆರಾ ಇದ್ದರೆ ಅಳತೆ ಇನ್ನಷ್ಟು ಬಿಗಿಯಾಗುತ್ತದೆ. ಸಣ್ಣ ಸೆನ್ಸರಿನ ಡಿಎಸ್‌ಎಲ್‌ಆರ್‌ಗೆ 35 ಮಿ.ಮೀ. ಲೆನ್ಸ್ ಹಾಕಿದರೆ 21 ಡಿಗ್ರಿ ಅಂತರದ ಆರ್ದ್ರಾ ಮತ್ತು ರೋಹಿಣಿ ಒಂದೇ ಚೌಕಟ್ಟಿಗೆ ಬರುತ್ತವೆ. ಕ್ಯಾಮೆರಾಗೆ ಪ್ರೋಸಿಯಾನ್‌ಗಿಂತ ರೋಹಿಣಿಯೇ ವಾಸಿ, ಅದರ ಬಣ್ಣ ಆರ್ದ್ರೆಯದಕ್ಕೆ ಹತ್ತಿರ. ಫೋಕಸ್ ಬೇಕೆಂದೇ ಸ್ವಲ್ಪ ತಪ್ಪಿಸಬೇಕು. ಚೂಪಾದ ಚುಕ್ಕೆಯಾದರೆ ಎಲ್ಲ ಬೆಳಕೂ ನಾಲ್ಕಾರು ಪಿಕ್ಸೆಲ್‌ಗಳಲ್ಲಿ ತುಂಬಿ ಉಕ್ಕುತ್ತದೆ, ಉಕ್ಕಿದ ಪಿಕ್ಸೆಲ್‌ನಿಂದ ಯಾವ ಲೆಕ್ಕವೂ ಹುಟ್ಟದು. ಐಎಸ್‌ಒ 100ರಿಂದ 400, ಕೆಲವೇ ಸೆಕೆಂಡುಗಳ ಎಕ್ಸ್‌ಪೋಶರ್, ಹತ್ತಿಪ್ಪತ್ತು ಚಿತ್ರಗಳು. ಮಿನುಗುವಿಕೆ ಸರಾಸರಿಯಲ್ಲಿ ಅಡಗುತ್ತದೆ. ಫೈಲು ರಾ (RAW) ಆಗಿಯೇ, ಅಂದರೆ ಕ್ಯಾಮೆರಾ ಸಂಸ್ಕರಿಸದ ರೂಪದಲ್ಲೇ ಇರಬೇಕು. ಜೆಪೆಗ್ ಬೆಳಕಿನ ಅನುಪಾತವನ್ನೇ ತಿರುಚಿಬಿಡುತ್ತದೆ. ಎರಡೂ ನಕ್ಷತ್ರಗಳು ಅಂಚಿನ ಕಡೆ ಬೀಳುವುದರಿಂದ, ಲೆನ್ಸಿನ ಅಂಚಿನ ಮಬ್ಬನ್ನು ಸರಿಪಡಿಸಲು ಸಮಬೆಳಕಿನ ಫ್ಲ್ಯಾಟ್ ಚಿತ್ರಗಳು ಬೇಕೇ ಬೇಕು. ಸೆನ್ಸರಿನ ಸ್ವಂತ ಗದ್ದಲವನ್ನು ಕಳೆಯಲು ಲೆನ್ಸಿಗೆ ಮುಚ್ಚಳ ಹಾಕಿ ಅದೇ ಅವಧಿಯ ಡಾರ್ಕ್ ಚಿತ್ರಗಳನ್ನೂ ತೆಗೆಯಬೇಕು.

ಅಳೆಯುವುದು ಹಸಿರು ಚಾನೆಲ್‌ನಲ್ಲಿ, ಹಸಿರು-ಹಳದಿ ಬೆಳಕನ್ನಷ್ಟೇ ಬಿಡುವ ಖಗೋಳಜ್ಞರ ವಿ (V) ಫಿಲ್ಟರಿಗೆ ಅದು ಸಮೀಪ. ನಕ್ಷತ್ರದ ಸುತ್ತ ವೃತ್ತ ಹಾಕಿ ಒಳಗಿನ ಎಣಿಕೆ ಕೂಡಬೇಕು. ಅದರಾಚೆ ಒಂದು ಬಳೆ ಹಾಕಿ ಆಕಾಶದ ಬೆಳಕನ್ನು ಕಳೆಯಬೇಕು. ಉದಾಹರಣೆಗೆ ರೋಹಿಣಿಗೆ 1,00,000, ಆರ್ದ್ರೆಗೆ 1,32,000 ಬಂತೆನ್ನಿ. 1.32ರ ಲಾಗರಿದಮ್ 0.1206, ಅದಕ್ಕೆ 2.5ರಿಂದ ಗುಣಿಸಿದರೆ 0.30. 0.87ರಿಂದ ಕಳೆದರೆ 0.57. ರೋಹಿಣಿಯ ಬೆಳಕೂ ಒಂದಿಷ್ಟು ಅಲುಗುತ್ತದೆ, ಆದ್ದರಿಂದ ಮತ್ತೊಂದು ನಕ್ಷತ್ರದ ಜೊತೆ ತಾಳೆ ನೋಡದೆ ಈ ಅಂಕವನ್ನು ದಾಖಲಿಸಬಾರದು.

ಇದೆಲ್ಲ ಇಲ್ಲಿಂದ ಕಾಣುವ ಕಾಂತಿ. ಲುಬ್ಧಕ ಇಷ್ಟು ಹೊಳೆಯಲು ಮುಖ್ಯ ಕಾರಣ ಅದು 8.6 ಜ್ಯೋತಿರ್ವರ್ಷ ದೂರದಲ್ಲೇ ಇರುವುದು. ಅಗಸ್ತ್ಯ ಇರುವುದು 310ರ ಆಸುಪಾಸಿನಲ್ಲಿ. ಎಲ್ಲವನ್ನೂ ಒಂದೇ ದೂರದಲ್ಲಿ, 32.6 ಜ್ಯೋತಿರ್ವರ್ಷದಲ್ಲಿ, ಇಟ್ಟಂತೆ ಲೆಕ್ಕ ಹಾಕಿದರೆ ಸೂರ್ಯ 4.83, ಲುಬ್ಧಕ 1.4, ಅಗಸ್ತ್ಯ −5ಕ್ಕೂ ಆಚೆ. ಈ ಲೆಕ್ಕಕ್ಕೆ ದೂರ ಗೊತ್ತಿರಬೇಕು, ದೂರದಲ್ಲಿ ಶೇ. 10 ತಪ್ಪಿದರೆ ಅಂಕದಲ್ಲಿ 0.2 ತಪ್ಪುತ್ತದೆ. 2025ರ ಜನವರಿಯಲ್ಲಿ ನಕ್ಷತ್ರಗಳ ಸ್ಥಾನ, ದೂರಗಳ ಅಳತೆ ನಿಲ್ಲಿಸಿದ ಗಯಾ ನೌಕೆ ನೂರು ಕೋಟಿಗೂ ಮೀರಿ ನಕ್ಷತ್ರಗಳನ್ನು ಗುರುತಿಸಿದೆ. ಆದರೆ ಅದರ ಸೆನ್ಸರುಗಳನ್ನು ಮಂಕು ನಕ್ಷತ್ರಗಳಿಗೆಂದು ರೂಪಿಸಿದ್ದರಿಂದ, ಸುಮಾರು 3ಕ್ಕಿಂತ ಪ್ರಕಾಶಮಾನವಾದವುಗಳ ಬೆಳಕಿಗೆ ಅವು ತುಂಬಿ ಉಕ್ಕುತ್ತವೆ. ಹಾಗಾಗಿ ಬರಿಗಣ್ಣಿಗೆ ಅತ್ಯಂತ ಪರಿಚಿತವಾದ ಎಷ್ಟೋ ನಕ್ಷತ್ರಗಳ ದೂರಕ್ಕೆ ಈಗಲೂ 1989ರಿಂದ 1993ರವರೆಗೆ ದುಡಿದ ಹಿಪ್ಪಾರ್ಕಸ್ ಉಪಗ್ರಹದ ಅಳತೆಗಳೇ ಆಧಾರ.