ಶಾಲೆ ಶುರುವಾಯಿತು, ಬೀಗ ಹಾಕಿದ ಮನೆಗಳು ಹಾಗೇ ಇವೆ

ಕೊಪ್ಪಳ, 30 ಮೇ 2025, ಶುಕ್ರವಾರ

ನಿನ್ನೆಯಿಂದ ಶಾಲೆ ಶುರು. ಬಾಗಿಲಿಗೆ ಮಾವಿನ ತೋರಣ ಕಟ್ಟಿದ್ದೆವು, ಬಿಸಿಯೂಟದ ಅಕ್ಕಂದಿರು ಗೋಧಿ ಹುಗ್ಗಿ ಮಾಡಿದ್ದರು, ಎಂಟನೇ ಕ್ಲಾಸಿಗೆ ಹೊಸದಾಗಿ ಬಂದ ಮಕ್ಕಳ ಕೈಗೆ ಹೂ ಕೊಟ್ಟು ಒಳಗೆ ಕರೆದುಕೊಂಡೆವು. ಎಲ್ಲ ಚೆನ್ನಾಗೇ ಆಯಿತು. ಹತ್ತನೇ ಕ್ಲಾಸಿಗೆ ಹೋಗಿ ಹಾಜರಿ ಕೂಗಲು ಶುರು ಮಾಡಿದ ಮೇಲೆ ಮನಸ್ಸು ಕೆಟ್ಟಿತು. ಹೆಸರು ಕೂಗುವುದು, ಯಾರೋ ಒಬ್ಬರು ಹಿಂದಿನಿಂದ "ಊರಾಗಿಲ್ರಿ" ಅನ್ನುವುದು. ಇವತ್ತೂ ಅದೇ ಕಥೆ.

ಯಾರು ಬರುವುದಿಲ್ಲ ಅಂತ ನನಗೆ ಮೊದಲೇ ಗೊತ್ತಿತ್ತು. ರಜೆಯಲ್ಲೇ ಅವರ ಮನೆಗಳಿಗೆ ಹೋಗಿ ಬಂದಿದ್ದೆನಲ್ಲ.

ಏಪ್ರಿಲ್ 11ಕ್ಕೆ ರಜೆ ಕೊಟ್ಟರು ಅಂತ ಖುಷಿಯಾಗಿದ್ದೆವು. ಮೇ 5ರಿಂದ ಪರಿಶಿಷ್ಟ ಜಾತಿಗಳ ಒಳಮೀಸಲಾತಿ ಸಮೀಕ್ಷೆ ಬಂತು, ನ್ಯಾಯಮೂರ್ತಿ ನಾಗಮೋಹನ್ ದಾಸ್ ಆಯೋಗದ್ದು. ಗಣತಿದಾರರು ಮತ್ತೆ ನಾವೇ, ಮೇಷ್ಟ್ರು ಮೇಡಂಗಳು. ಮೊಬೈಲ್ ಆ್ಯಪ್ ಹಿಡಿದುಕೊಂಡು ಬಿಸಿಲಲ್ಲಿ ಮನೆ ಮನೆ ಸುತ್ತಿದೆವು. ನೆಟ್‌ವರ್ಕ್ ಸಿಗದ ಓಣಿಯಲ್ಲಿ ಒಂದೊಂದು ಮನೆಗೆ ಅರ್ಧ ಗಂಟೆ ಹಿಡಿಯಿತು. ಕೆಲವು ಸಹೋದ್ಯೋಗಿಗಳು ರಜೆ ಹಾಳಾಯಿತು ಅಂತ ಬೇಜಾರು ಮಾಡಿಕೊಂಡರು, ಅವರ ಬೇಜಾರೂ ಸರಿಯೇ. ಆದರೆ ಈ ಕೆಲಸ ಆಗಲೇಬೇಕಿತ್ತು ಅಂತ ನನ್ನ ಅಭಿಪ್ರಾಯ. ನಮ್ಮ ರಾಜ್ಯದ ಪಟ್ಟಿಯಲ್ಲಿ 101 ಜಾತಿಗಳಿವೆ. ಅದರಲ್ಲಿ ಯಾರಿಗೆ ಎಷ್ಟು ಸಿಕ್ಕಿದೆ, ಯಾರು ಬಾಗಿಲ ಹೊರಗೇ ಉಳಿದಿದ್ದಾರೆ ಅಂತ ಲೆಕ್ಕ ಇಲ್ಲದೆ ಮಾತಾಡಿ ಏನು ಉಪಯೋಗ? ಒಳಮೀಸಲಾತಿ ಕೊಡಬಹುದು ಅಂತ ಸುಪ್ರೀಂ ಕೋರ್ಟ್ 2024ರ ಆಗಸ್ಟ್ 1ಕ್ಕೇ ಹೇಳಿದೆ. ಅದಕ್ಕೆ ಮೂವತ್ತು ವರ್ಷದಿಂದ ಹೋರಾಡಿದವರು ನಮ್ಮ ಭಾಗದಲ್ಲೇ ಎಷ್ಟು ಜನ ಇದ್ದಾರೆ.

ಮನೆ ಸುತ್ತುವಾಗ ಕಂಡದ್ದು ಬೀಗ. ಒಂದು ಓಣಿಗೆ ಹೋದರೆ ಸಾಲಾಗಿ ಬೀಗ. ಒಂದು ಮನೆಯ ಬೀಗಕ್ಕೆ ಮಳೆನೀರು ಇಳಿದು ತುಕ್ಕು ಹಿಡಿಯದಿರಲಿ ಅಂತ ಹಾಲಿನ ಪಾಕೀಟಿನ ಪ್ಲಾಸ್ಟಿಕ್ ಸುತ್ತಿ, ಮೇಲೆ ದಾರ ಬಿಗಿದಿದ್ದರು. ಬೇಗ ಬರುವವರು ಹಾಗೆ ಕಟ್ಟುವುದಿಲ್ಲ. ಎದುರು ಕಟ್ಟೆಯ ಮೇಲೆ ಕೂತ ಅಜ್ಜಿಯನ್ನು ಕೇಳಿದೆ. "ಎಲ್ಲಾರೂ ದುಡಿಯಾಕ ಹೋಗ್ಯಾರವ್ವ. ಒಂದೀಟು ಮಂದಿ ಬೆಂಗಳೂರು, ಒಂದೀಟು ಮಂದಿ ಮಂಗಳೂರು. ನಾವು ಮುದುಕ್ರು ಮನಿ ಕಾಯ್ತೀವಿ" ಅಂದರು. ಫೋನ್ ನಂಬರ್ ಕೇಳಿದರೆ ಗೋಡೆಯ ಮೇಲೆ ಇದ್ದಿಲಲ್ಲಿ ಬರೆದದ್ದನ್ನು ತೋರಿಸಿದರು.

ಹೊರಗಿನವರಿಗೆ ಕೊಪ್ಪಳ ಅಂದರೆ ಗಂಗಾವತಿಯ ಭತ್ತ ನೆನಪಾಗುತ್ತದೆ. ಮುನಿರಾಬಾದಿನಿಂದ ಹೊರಡುವ ತುಂಗಭದ್ರಾ ಎಡದಂಡೆ ಕಾಲುವೆ ಗಂಗಾವತಿ, ಕಾರಟಗಿ, ಆಮೇಲೆ ರಾಯಚೂರು ಜಿಲ್ಲೆಯ ಸಿಂಧನೂರಿನ ಕಡೆ ಹೋಗುತ್ತದೆ. ಆ ಕಡೆ ನಾಟಿಗೆ, ಕೊಯ್ಲಿಗೆ ಜನ ಬೇಕು. ಕುಷ್ಟಗಿ, ಯಲಬುರ್ಗಾ ಕಡೆ ಕಾಲುವೆ ಇಲ್ಲ, ಮಳೆ ಬಂದರೆ ಬೆಳೆ. ಸುಗ್ಗಿ ಮುಗಿಯುತ್ತಿದ್ದ ಹಾಗೆ ಆ ಊರುಗಳು ಖಾಲಿಯಾಗುತ್ತವೆ. ನಮ್ಮ ಶಾಲೆ ಇರುವುದು ಈ ಒಣ ಕಡೆಗೆ. ಗುಳೆ ಅನ್ನುವುದು ನಮಗೆ ಪೇಪರಿನಲ್ಲಿ ಓದುವ ಸುದ್ದಿ ಅಲ್ಲ, ಹಾಜರಿ ಪುಸ್ತಕದಲ್ಲಿ ದಿನಾ ಕಾಣುವ ಖಾಲಿ ಜಾಗ.

ಕೊಪ್ಪಳದ ಪಕ್ಕದಲ್ಲೇ ದೊಡ್ಡ ಉಕ್ಕಿನ ಕಾರ್ಖಾನೆ ಬರುತ್ತದೆ ಅಂದಾಗ ಫೆಬ್ರವರಿ 24ಕ್ಕೆ ಊರಿಗೆ ಊರೇ ಬಂದ್ ಮಾಡಿ ಬೀದಿಗಿಳಿಯಿತು. ಗವಿಮಠದ ಸ್ವಾಮಿಗಳೇ ಮುಂದೆ ನಿಂತಿದ್ದರು. ಈಗಲೂ ಕೆಲವರು, ಕಾರ್ಖಾನೆ ಬಂದಿದ್ದರೆ ಗುಳೆಯಾದರೂ ನಿಲ್ಲುತ್ತಿತ್ತು ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಗಿಣಿಗೇರಾ ಸುತ್ತ ಕಾರ್ಖಾನೆಗಳು ಬಂದು ಎಷ್ಟು ವರ್ಷವಾಯಿತು? ಅಲ್ಲಿಯ ಮನೆಗಳ ಮೇಲೆ ಕರಿ ಬೂದಿ ಬಿತ್ತು, ನಮ್ಮ ಕುಷ್ಟಗಿ ಬಸ್‌ಸ್ಟ್ಯಾಂಡಿನಲ್ಲಿ ಗಂಟು ಹೊತ್ತು ನಿಲ್ಲುವವರು ಕಡಿಮೆಯಾಗಲಿಲ್ಲ.

ರಜೆಯಲ್ಲಿ ಖುಷಿಯ ದಿನಗಳೂ ಇದ್ದವು. ಕುಷ್ಟಗಿಗೆ ರೈಲು ಬಂತು! ಗದಗ-ವಾಡಿ ಮಾರ್ಗ ಅಂತ ನಾವು ಓದುವ ಕಾಲದಿಂದ ಕೇಳುತ್ತಾ ಬಂದಿದ್ದೆವು, ಅದರಲ್ಲಿ ತಳಕಲ್‌ನಿಂದ ಕುಷ್ಟಗಿವರೆಗಿನ ಭಾಗ ಮುಗಿದು ಮೇ 15ಕ್ಕೆ ಹುಬ್ಬಳ್ಳಿ-ಕುಷ್ಟಗಿ ರೈಲಿಗೆ ಹಸಿರು ಬಾವುಟ ತೋರಿಸಿದರು. ಅದರ ಮುಂದಿನ ವಾರ ತಂಗಿ ಮನೆಗೆ ಹೋಗಿ ಒಂದು ರಾತ್ರಿ ಇದ್ದು, ಮಾರನೇ ದಿನ ಕುಷ್ಟಗಿಯಲ್ಲಿ ಹತ್ತಿ ಕುಕನೂರಿನಲ್ಲಿ ಇಳಿದೆವು. ಡಬ್ಬಿಯ ತುಂಬ ಸುಮ್ನೆ ರೈಲು ನೋಡಲು ಬಂದವರೇ. ನಮ್ಮ ಎದುರು ಒಬ್ಬ ಅಮ್ಮ ಬುತ್ತಿ ಬಿಚ್ಚಿ ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಚಟ್ನಿ ಎಲ್ಲರಿಗೂ ಹಂಚಿದರು. ಎಲ್ಲಿಗೆ ಹೊರಟಿದ್ದೀರಿ ಅಂದರೆ "ಎಲ್ಲಿಗೂ ಇಲ್ಲವ್ವ, ಯಲಬುರ್ಗಾತನಕ ಹೋಗಿ ಬಸ್ಸಿಗೆ ಬರ್ತೀನಿ, ಒಮ್ಮೆ ಕುಂದ್ರಬೇಕಿತ್ತು" ಅಂದರು. ನನ್ನ ಮಗ ಕಿಟಕಿಯ ಸರಳು ಬಿಡಲೇ ಇಲ್ಲ.

ಈ ರೈಲು ನಮ್ಮ ಜನರನ್ನು ದೂರ ಕರೆದುಕೊಂಡು ಹೋಗುವುದಕ್ಕೇ ಸುಲಭವಾಗುತ್ತದೋ, ಇಲ್ಲ ಹುಬ್ಬಳ್ಳಿಯ ಕಾಲೇಜಿಗೆ, ಆಸ್ಪತ್ರೆಗೆ ಹೋಗಿ ಸಂಜೆ ಮನೆಗೆ ವಾಪಸ್ ಬರುವಂತೆ ಮಾಡುತ್ತದೋ ಅಂತ ದಾರಿಯುದ್ದಕ್ಕೂ ಯೋಚನೆ ಮಾಡುತ್ತಿದ್ದೆ. ಎರಡನೆಯದು ಆಗಲಿ.

ಕುಕನೂರಿನಲ್ಲಿ ನವಲಿಂಗ ಗುಡಿ, ಪಕ್ಕದ ಮಹಾಮಾಯಿ ದರ್ಶನ ಮಾಡಿಕೊಂಡು ಆಟೋದಲ್ಲಿ ಇಟಗಿಗೆ ಹೋದೆವು. ಇಟಗಿಯ ಮಹಾದೇವ ದೇವಾಲಯದ ಬಗ್ಗೆ ಪ್ರತಿ ವರ್ಷ ಪಾಠ ಮಾಡುತ್ತೇನೆ: 1112, ಕಲ್ಯಾಣ ಚಾಲುಕ್ಯರ ಆರನೇ ವಿಕ್ರಮಾದಿತ್ಯ, ಅವನ ದಂಡನಾಯಕ ಮಹಾದೇವ ಕಟ್ಟಿಸಿದ್ದು, ಶಾಸನದಲ್ಲಿ 'ದೇವಾಲಯ ಚಕ್ರವರ್ತಿ' ಅಂತ ಕರೆದಿದ್ದಾರೆ. ಅಷ್ಟು ಹೇಳಿದರೆ ಮಕ್ಕಳಿಗೆ ಇಸವಿ ಮಾತ್ರ ಉಳಿಯುತ್ತದೆ. ಅಲ್ಲಿ ಹೋಗಿ ಕಂಬದ ಮೇಲೆ ಕೈ ಆಡಿಸಬೇಕು. ಕಡೆದ ಕಲ್ಲು ಎಷ್ಟು ನುಣುಪು ಅಂದರೆ ತಿರುಗಣಿಯ ಸುತ್ತು ಬೆರಳಿಗೆ ಹತ್ತುತ್ತದೆ, ನಮ್ಮ ನೆರಳೂ ಮಸುಕಾಗಿ ಕಾಣುತ್ತದೆ. ಈ ವರ್ಷ ಹತ್ತನೇ ಕ್ಲಾಸಿನವರನ್ನೆಲ್ಲ ಅಲ್ಲಿಗೆ ಕರೆದುಕೊಂಡು ಹೋಗುತ್ತೇನೆ. ಬೇಲೂರು, ಹಳೇಬೀಡು ನೋಡಲು ಬಸ್ ಮಾಡಿಕೊಂಡು ಹೋಗುವ ಶಾಲೆಗಳು ಇಷ್ಟು ಹತ್ತಿರದ ಇಟಗಿಗೆ ಯಾಕೆ ಹೋಗುವುದಿಲ್ಲವೋ.

ಹಿರೇಬೆಣಕಲ್ ಗುಡ್ಡಕ್ಕೆ ಬಿಸಿಲು ಜಾಸ್ತಿಯಾಗುವ ಮುಂಚೆ, ರಜೆ ಕೊಟ್ಟ ವಾರವೇ ಹೋಗಿ ಬಂದಿದ್ದೆವು. ಶಿಲಾಸಮಾಧಿಗಳು, ಅವುಗಳ ದುಂಡು ಕಿಂಡಿಗಳು, ನಗಾರಿ ಕಲ್ಲು. ಅದರ ಬಗ್ಗೆ ಇನ್ನೊಂದು ದಿನ ಬರೆಯುತ್ತೇನೆ.

ಇನ್ನು ಕ್ರಿಕೆಟ್. ನಿನ್ನೆ ರಾತ್ರಿ! ಭಾರತ-ಪಾಕ್ ಗಡಿಯ ಗಲಾಟೆಯಿಂದ ಒಂದು ವಾರ ನಿಂತಿದ್ದ ಐಪಿಎಲ್ ಮತ್ತೆ ಶುರುವಾದಾಗ ನಮ್ಮ ಆರ್‌ಸಿಬಿಯ ಲಯ ತಪ್ಪೀತು ಅಂತ ಭಯವಿತ್ತು. ಮೊನ್ನೆ ಲಖನೌದಲ್ಲಿ 228 ಬೆನ್ನಟ್ಟುವಾಗ ಜಿತೇಶ್ ಶರ್ಮಾ 33 ಬಾಲಿಗೆ 85 ಹೊಡೆದು ಭಯ ಕಳೆದ. ನಿನ್ನೆ ಪಂಜಾಬ್‌ನವರನ್ನು 101ಕ್ಕೆ ಆಲೌಟ್ ಮಾಡಿ ಹತ್ತೇ ಓವರಿನಲ್ಲಿ ಮುಗಿಸಿಬಿಟ್ಟರು. ಹೇಜಲ್‌ವುಡ್ ಮೂರು, ಸುಯಶ್ ಮೂರು. 2009, 2011, 2016, ಈಗ ನಾಲ್ಕನೇ ಫೈನಲ್. ಜೂನ್ 3ಕ್ಕೆ ಅಹಮದಾಬಾದ್. 2024ರಲ್ಲಿ ನಮ್ಮ ಹುಡುಗಿಯರು ಕಪ್ ತಂದರು, ಈ ಸಲ ಹುಡುಗರೂ ತರಲಿ. ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆ ಎಂಟನೇ ಕ್ಲಾಸಿನ ಪುಟ್ಟ ಹುಡುಗ ಓಡಿ ಬಂದು "ಮೇಡಂರೀ, ರಾತ್ರಿ ಮ್ಯಾಚ್ ನೋಡಿದ್ರೇನ್ರಿ?" ಅಂದ. ಹೊಸ ಶಾಲೆ ಅನ್ನುವ ಅಂಜಿಕೆ ಅಲ್ಲೇ ಹೋಯಿತು.

ನನ್ನ ಜೀವ ಇರುವುದು ಮಾತ್ರ ಖೋಖೋದಲ್ಲಿ. ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ವಿಶ್ವಕಪ್ ಆಯಿತಲ್ಲ, ಫೈನಲ್‌ನಲ್ಲಿ ಭಾರತದ ಹೆಣ್ಣುಮಕ್ಕಳು ನೇಪಾಳವನ್ನು 78-40ರಲ್ಲಿ ಸೋಲಿಸಿದರು, ಅದರಲ್ಲಿ ತಿ. ನರಸೀಪುರ ತಾಲೂಕಿನ ಕುರುಬೂರಿನ ಚೈತ್ರಾ ಇದ್ದಳು. ಹಳ್ಳಿಯ ಹುಡುಗಿ. ಆ ವಿಡಿಯೋವನ್ನು ನಮ್ಮ ಹುಡುಗಿಯರಿಗೆ ಎಷ್ಟು ಸಲ ತೋರಿಸಿದ್ದೇನೋ. ನಮ್ಮ ತಂಡದಲ್ಲೂ ಒಬ್ಬಳಿದ್ದಾಳೆ, ಕಂಬದ ಹತ್ತಿರ ಹಾರಿ ಬಿದ್ದು ಮುಟ್ಟಿದಳು ಅಂದರೆ ಎದುರಿನವರು ತಪ್ಪಿಸಿಕೊಳ್ಳುವುದು ಕಷ್ಟ. ಪ್ಲಾಸ್ಟಿಕ್ ಸುತ್ತಿದ ಬೀಗ ಅವಳ ಮನೆಯದೇ.

ಗೋಡೆಯ ಮೇಲಿನ ಆ ನಂಬರಿಗೆ ಇವತ್ತು ಸಂಜೆ ಫೋನ್ ಮಾಡಿದೆ. ಅವಳ ಅಪ್ಪ ಎತ್ತಿದರು. ಮಂಗಳೂರಿನಲ್ಲಿ ಕಟ್ಟಡದ ಕೆಲಸ. "ಇಲ್ಲಿ ಮಳಿ ಹುಚ್ಚೆದ್ದು ಹೊಡ್ಯಾಕತ್ತೈತ್ರಿ ಮೇಡಂ, ಕೆಲಸ ನಿಂತೈತಿ. ಮೇಸ್ತ್ರಿ ರೊಕ್ಕ ಕೊಟ್ರ ನಾಳೇನ ಬಸ್ ಹತ್ತತೀವಿ" ಅಂದರು. ಈ ಸಲ ಮುಂಗಾರು ಬೇಗ ಬಂದಿದೆ, ಮೇ 24ಕ್ಕೇ ಕೇರಳ ಮುಟ್ಟಿತು. ನಮ್ಮ ಕಡೆ ಹಿರಿಯರು ರೋಹಿಣಿ ಮಳೆ ಬಂದರೆ ಓಣಿಯೆಲ್ಲಾ ಜೋಳ ಅನ್ನುತ್ತಾರೆ. ಹೊಲ ಹದ ಆಗಿದೆ, ಹೆಸರು ಬಿತ್ತಬಹುದು, ಬನ್ನಿ ಅಂದೆ. ಆಮೇಲೆ ಅವಳು ಫೋನ್ ತಗೊಂಡು, "ಮೇಡಂ, ಟೀಮಿನಾಗ ನನ್ನ ಹೆಸರು ತೆಗಿಬ್ಯಾಡ್ರಿ" ಅಂದಳು. ತೆಗೆಯುವುದಿಲ್ಲ ಅಂತ ಗಟ್ಟಿಯಾಗಿ ಹೇಳಿದೆ.

ಅವಳ ಮೇಲೆ ಇಷ್ಟು ಕಾಳಜಿ ಯಾಕೆ ಅಂದರೆ ಇದು ಹತ್ತನೇ ಕ್ಲಾಸು. ಮೇ 2ರ ಎಸ್‌ಎಸ್‌ಎಲ್‌ಸಿ ಫಲಿತಾಂಶ ಎಲ್ಲರೂ ನೋಡಿದ್ದೀರಿ. ದಕ್ಷಿಣ ಕನ್ನಡ ಶೇ. 91.12, ಕಲಬುರಗಿ ಶೇ. 42.43. ಕಲ್ಯಾಣ ಕರ್ನಾಟಕದ ಮಕ್ಕಳು ದಡ್ಡರು ಅಂತ ಯಾರಾದರೂ ಅಂದರೆ ನನಗೆ ತಡೆಯುವುದಿಲ್ಲ. ದಕ್ಷಿಣ ಕನ್ನಡದ ಕಟ್ಟಡ ಕಟ್ಟಲು ನಮ್ಮ ಮಕ್ಕಳ ಅಪ್ಪ ಅಮ್ಮ ಹೋಗುತ್ತಾರೆ, ಜೊತೆಗೆ ಮಕ್ಕಳೂ ಹೋಗಿ ತಮ್ಮ ತಂಗಿಯರನ್ನು ಆಡಿಸುತ್ತಾ ಶೆಡ್ಡಿನಲ್ಲಿ ಕೂರುತ್ತಾರೆ. ಆ ದಿನಗಳ ಪಾಠ ಯಾರು ಮಾಡಬೇಕು? ಪರೀಕ್ಷೆಯ ಕೋಣೆಗೆ ಕ್ಯಾಮೆರಾ ಇಟ್ಟು ನೋಡುವ ವೆಬ್‌ಕಾಸ್ಟಿಂಗ್ ಬಂದು ನಕಲು ನಿಂತಿದ್ದು ಒಳ್ಳೆಯದೇ ಆಯಿತು, ನಮ್ಮ ನಿಜವಾದ ಸ್ಥಿತಿ ಕಣ್ಣಿಗೆ ಬಿತ್ತು. ಫೇಲಾದವರಿಗೆ ರಜೆಯಲ್ಲೇ ಕ್ಲಾಸ್ ಮಾಡಿದೆವು, ಪರೀಕ್ಷೆ-2 ಈಗ ನಡೆಯುತ್ತಿದೆ, ಸೋಮವಾರ ಮುಗಿಯುತ್ತದೆ. ಊರಲ್ಲಿದ್ದ ಮಕ್ಕಳು ಬಂದರು. ಊರಲ್ಲಿಲ್ಲದವರಿಗೆ ಹಾಲ್ ಟಿಕೆಟ್ ಫೋಟೋ ವಾಟ್ಸಾಪ್ ಮಾಡಿದೆ. ಅದರಲ್ಲೂ ಕೆಲವರು ರಾತ್ರಿ ಬಸ್ಸಿಗೆ ಬಂದು ಪರೀಕ್ಷೆ ಬರೆದು ಮತ್ತೆ ರಾತ್ರಿ ಬಸ್ಸಿಗೇ ಹೋದರು. ಅವರನ್ನು ಹೇಗೆ ಹೊಗಳಲಿ.

ಇದನ್ನೆಲ್ಲ ಯಾರ ಮುಂದೆ ಹೇಳಬೇಕು ಅಂತ ಯೋಚಿಸಿದರೆ, ನಮ್ಮ ಜಿಲ್ಲಾ ಪಂಚಾಯಿತಿ, ತಾಲೂಕು ಪಂಚಾಯಿತಿಗೆ ಸದಸ್ಯರೇ ಇಲ್ಲ. ಕೊನೆಯ ಚುನಾವಣೆ ಆದದ್ದು 2016ರಲ್ಲಿ. 2021ಕ್ಕೆ ಅವಧಿ ಮುಗಿಯಿತು, ಅಲ್ಲಿಂದ ಅಧಿಕಾರಿಗಳದೇ ಆಡಳಿತ. ಮುಂಚೆ ಜಿಲ್ಲಾ ಪಂಚಾಯಿತಿ ಸದಸ್ಯರು ಸಂತೆಯಲ್ಲಿ ಸಿಕ್ಕರೆ ಶಾಲೆಯ ಕಾಂಪೌಂಡ್ ಬಗ್ಗೆ ಜಗಳ ಮಾಡಬಹುದಿತ್ತು. ಗುಳೆ ಹೋದವರ ಮಕ್ಕಳಿಗೆ ಊರಲ್ಲೇ ಇರಲು ಋತುಮಾನ ವಸತಿ ನಿಲಯ ಬೇಕು ಅಂತ ಈಗ ಎಂಎಲ್‌ಎ ಹತ್ತಿರವೇ ಹೋಗಬೇಕು, ಅವರು ಸಿಗಬೇಕು. ಈ ಚುನಾವಣೆ ಬೇಗ ಆಗಲೇಬೇಕು. ಯಾವ ಪಕ್ಷ ಗೆದ್ದರೂ ಸರಿ, ಕೇಳಲು ಹತ್ತಿರದಲ್ಲಿ ಒಬ್ಬರು ಇರುತ್ತಾರೆ ಅಲ್ವಾ?

ಸದ್ಯಕ್ಕೆ ನನ್ನ ಕೈಲಾಗುವುದು ಆ ಹುಡುಗಿಗೆ ಮೆಟ್ರಿಕ್ ಪೂರ್ವ ಹಾಸ್ಟೆಲ್‌ನಲ್ಲಿ ಒಂದು ಸೀಟು. ಅರ್ಜಿಗೆ ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಬೇಕು. ಆದಾಯದ್ದು ಐದು ವರ್ಷಕ್ಕೆ ಮುಗಿಯುತ್ತದೆ, ಅವಳದು ಐದನೇ ಕ್ಲಾಸಿನಲ್ಲಿ ಮಾಡಿಸಿದ್ದು. ನಾಳೆ ಶನಿವಾರ, ಬೆಳಗಿನ ಶಾಲೆ. ಬಿಟ್ಟ ಮೇಲೆ ನಾಡಕಚೇರಿಗೆ ಹೋಗಿ ಹೊಸದಕ್ಕೆ ಏನೇನು ಬೇಕು ಕೇಳಿಕೊಂಡು ಬರುತ್ತೇನೆ. ಅಪ್ಪನ ಆಧಾರ್ ಕಾರ್ಡಿನ ಫೋಟೋ ಕಳಿಸು ಅಂತ ಅವಳಿಗೆ ಮೆಸೇಜ್ ಹಾಕಿದ್ದೇನೆ, ಇನ್ನೂ ಬಂದಿಲ್ಲ.