ಕತ್ತಿಯ ಕಡೆ, ನೂಲುಗೋಲಿನ ಕಡೆ: ಜೆಕ್ ಭಾಷೆಯ ನಂಟಿನ ಪದಗಳು

ಜೆಕ್ ಭಾಷೆಯಲ್ಲಿ ತಂದೆಯ ಕಡೆಯ ವಂಶಕ್ಕೆ ‘ಪೊ ಮೆಚಿ’, ಅಂದರೆ ಕತ್ತಿಯ ಕಡೆಯದು ಎಂದೂ, ತಾಯಿಯ ಕಡೆಯದಕ್ಕೆ ‘ಪೊ ಪ್ರ್ಶೆಸ್ಲಿತ್ಸಿ’, ಅಂದರೆ ನೂಲುವಾಗ ಅಗಸೆಯ ನಾರನ್ನು ಸುತ್ತಿಡುವ ಕೋಲಿನ ಕಡೆಯದು ಎಂದೂ ಹೇಳುತ್ತಾರೆ. ವಂಶವೃಕ್ಷ ಬರೆಯುವವರು ಇಂದಿಗೂ ಬಳಸುವ ಈ ನುಡಿಗಟ್ಟುಗಳು ನನ್ನ ಗಮನ ಸೆಳೆದದ್ದು, ದಿನಬಳಕೆಯ ಜೆಕ್ ಈ ಭೇದವನ್ನು ಬಹುಮಟ್ಟಿಗೆ ಕೈಬಿಟ್ಟಿರುವುದರಿಂದ.

ಹಳೆಯ ಜೆಕ್‌ನಲ್ಲಿ ತಂದೆಯ ಸಹೋದರ ‘ಸ್ತ್ರೀತ್ಸ್’, ತಾಯಿಯ ಸಹೋದರ ‘ಉಯೆತ್ಸ್’. ಚಿಕ್ಕಪ್ಪ ದೊಡ್ಡಪ್ಪಂದಿರನ್ನು ಸೋದರಮಾವನೊಡನೆ ಎಂದೂ ಬೆರೆಸದ ನಮಗೆ ಇದನ್ನು ವಿವರಿಸಬೇಕಾಗಿಲ್ಲ. ಇಂದಿನ ಶಿಷ್ಟ ಭಾಷೆಯಲ್ಲಿ ಇಬ್ಬರೂ ಸ್ತ್ರೀತ್ಸ್ ಆಗಿದ್ದಾರೆ. ಉಯೆತ್ಸ್ ಜೆಕ್ ದೇಶದ ಪೂರ್ವಭಾಗವಾದ ಮೊರಾವಿಯಾದ ಆಡುನುಡಿಗಳಲ್ಲಿ ಉಳಿದುಕೊಂಡಿದೆ. ಮದುವೆಯಿಂದ ಬರುವ ನಂಟುಗಳಲ್ಲಿ ಆದ ನಷ್ಟ ಇನ್ನೂ ದೊಡ್ಡದು. ಗಂಡನ ಸಹೋದರನಿಗೆ ‘ದೆವೆರ್ಶ್’, ಗಂಡನ ಸಹೋದರಿಗೆ ‘ಜೆಲ್ವಾ’, ಹೆಂಡತಿಯ ಸಹೋದರಿಗೆ ‘ಸ್ವ್ಯೆಸ್ತ್’ ಎಂದು ಬೇರೆ ಬೇರೆ ಹೆಸರುಗಳಿದ್ದವು. ಈಗ ಜರ್ಮನ್‌ನಿಂದ ಬಂದ ‘ಶ್ವಾಗ್ರ್’ ಮತ್ತು ಅದರ ಸ್ತ್ರೀರೂಪ ‘ಶ್ವಾಗ್ರೊವಾ’ ಇವೆಲ್ಲಕ್ಕೂ ಸಾಕಾಗುತ್ತವೆ. ಮರೆಯಾದ ದೆವೆರ್ಶ್ ಮತ್ತು ಗಂಡನ ಸಹೋದರನನ್ನು ಸೂಚಿಸುವ ಸಂಸ್ಕೃತದ ‘ದೇವರ’ ಒಂದೇ ಬೇರಿನ ಪದಗಳು ಎಂಬುದು ತಿಳಿದಾಗ ನನಗೆ ಆ ಪದದ ಮೇಲೆ ಮಮತೆ ಹೆಚ್ಚಾಯಿತು.

ಪೂರ್ವಜರನ್ನು ಹೆಸರಿಸುವ ಕ್ರಮ ಮಾತ್ರ ಸರಳವಾಗಿದೆ. ಅಜ್ಜಿ ‘ಬಬಿಚ್ಕಾ’, ಮುತ್ತಜ್ಜಿ ‘ಪ್ರಬಬಿಚ್ಕಾ’, ಅವಳ ತಾಯಿ ‘ಪ್ರಪ್ರಬಬಿಚ್ಕಾ’. ಪ್ರಪಿತಾಮಹನಲ್ಲಿ ‘ಪ್ರ’ ಮಾಡುವ ಕೆಲಸವೇ ಇಲ್ಲಿಯೂ ನಡೆಯುತ್ತದೆ. ಮೊರಾವಿಯಾದ ಅತ್ಯಂತ ಎತ್ತರದ, 1491 ಮೀಟರಿನ ಬೆಟ್ಟದ ಹೆಸರು ‘ಪ್ರದ್ಯೆದ್’, ಅಂದರೆ ಮುತ್ತಜ್ಜ. ಪೀಳಿಗೆಗಳನ್ನು ಅವರು ‘ಕೊಲೆನೊ’, ಅಂದರೆ ಮೊಣಕಾಲು, ಎಂಬ ಪದದಿಂದ ಎಣಿಸುತ್ತಾರೆ. (ನಾವು ತಲೆಮಾರು ಎನ್ನುತ್ತೇವೆ; ದೇಹದ ಯಾವ ಭಾಗದಿಂದ ಎಣಿಸಿದರೂ ಲೆಕ್ಕ ಒಂದೇ.)

ಹಿಂದಿನವರನ್ನು ಹುಡುಕುವವರಿಗೆ ಚರ್ಚುಗಳ ಜನನ, ವಿವಾಹ, ಮರಣಗಳ ದಾಖಲೆ ಪುಸ್ತಕಗಳಾದ ‘ಮತ್ರಿಕಿ’ಗಳೇ ಮುಖ್ಯ ಆಧಾರ. ಆಗ ಆ ನಾಡನ್ನು ಆಳುತ್ತಿದ್ದ ಹ್ಯಾಬ್ಸ್‌ಬರ್ಗ್ ವಂಶದ ಎರಡನೆಯ ಜೋಸೆಫ್ ಚಕ್ರವರ್ತಿಯ 1784ರ ಆಜ್ಞೆಯಿಂದ ಅವುಗಳಿಗೆ ಮನೆಯ ಸಂಖ್ಯೆ, ಧರ್ಮ, ತಂದೆತಾಯಿಗಳ ಹೆಸರು ಮುಂತಾದ ನಿಗದಿತ ಅಂಕಣಗಳು ಬಂದವು. ಅದಕ್ಕೂ ಹಿಂದಿನ ನಮೂದುಗಳಲ್ಲಿ ಎಷ್ಟೋ ಸಲ ತಾಯಿಯ ಹೆಸರಷ್ಟೇ ಇದ್ದು ತವರಿನ ಕುಲನಾಮ ಇರುವುದಿಲ್ಲ. ಹೀಗಾಗಿ ಕತ್ತಿಯ ಕಡೆಯ ಹುಡುಕಾಟ ಒಂದೇ ಕುಲನಾಮವನ್ನು ಹಿಡಿದು ಹಿಂದಕ್ಕೆ ಸಾಗಬಲ್ಲದು; ನೂಲುಗೋಲಿನ ಕಡೆ ಪ್ರತಿ ಮದುವೆಗೂ ಕುಲನಾಮ ಬದಲಾಗುವುದರಿಂದ, ಅಲ್ಲಿ ಮೊದಲು ಮದುವೆಯ ನಮೂದನ್ನೇ ಹುಡುಕಬೇಕಾಗುತ್ತದೆ.